ಡೆಕ್ ಬೋಲ್ಟಿನ ಕೆಳಗೆ ಏನು ಹಚ್ಚಬೇಕು? ಮೂರು ಅಂಟು, ಎರಡು ಮಳೆಗಾಲ

ನನ್ನದು 1978ರ ಕ್ಯಾಟಲಿನಾ 27 ಅನ್ನುವ ಹಾಯಿ ಬೋಟು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಲಮೀಡಾದಲ್ಲಿ ಕಟ್ಟಿಟ್ಟಿದ್ದೇನೆ. ಇಲ್ಲಿ ಬೇಸಿಗೆಯಲ್ಲಿ ಮಳೆಯೇ ಬರುವುದಿಲ್ಲ. ಹಾಗಾಗಿ ಡೆಕ್, ಅಂದರೆ ಬೋಟಿನ ಮೇಲ್ಹಾಸು, ಸೋರುವ ಸುದ್ದಿ ಗೊತ್ತಾಗುವುದು ನವೆಂಬರ್ ಹೊತ್ತಿಗೆ, ಒಳಗಿನ ಹಾಸಿಗೆ ಒದ್ದೆಯಾದ ಮೇಲೆ.

ಹಾಸಿಗೆಯನ್ನಾದರೆ ಒಣಗಿಸಬಹುದು. ಫೈಬರ್‌ಗ್ಲಾಸ್ ಡೆಕ್ ಅಂದರೂ ಮೇಲೊಂದು, ಕೆಳಗೊಂದು ಫೈಬರ್ ಪದರ, ನಡುವೆ ಮರ. ನನ್ನದರಲ್ಲಿ ಪ್ಲೈವುಡ್, ಎಷ್ಟೋ ಬೋಟುಗಳಲ್ಲಿ ಬಾಲ್ಸಾ ಅನ್ನುವ ಹಗುರ ಮರ. ಬೋಲ್ಟಿನ ತೂತಿನಿಂದ ಇಳಿದ ನೀರು ಆ ಮರಕ್ಕೆ ಸೇರಿಕೊಂಡರೆ ಮತ್ತೆ ಆರುವುದಿಲ್ಲ, ಒಳಗೊಳಗೇ ಕೊಳೆಸುತ್ತದೆ.

ಹಿಂದಿನ ಮಾಲೀಕರು ಡೆಕ್ಕಿನ ಅಂಚಿನಲ್ಲಿ ನಿಂತ ಬೇಲಿ ಕಂಬಿಗಳ ಬುಡಕ್ಕೆಲ್ಲ ಪಾಲಿಯುರೆಥೇನ್ ಅಂಟು ಬಳಿದಿದ್ದರು. ಹಲಸಿನ ಮೇಣ ಗೊತ್ತಲ್ವಾ? ಅದಕ್ಕಾದರೆ ಕೊಬ್ಬರಿ ಎಣ್ಣೆ ಇದೆ, ಇದಕ್ಕೆ ಅದೂ ಇಲ್ಲ. ಹೀಟ್ ಗನ್, ಪುಟ್ಟಿ ಚಾಕು, ಮಂಡಿನೋವು ಎಲ್ಲ ಸೇರಿ ಒಂದು ಬುಡಕ್ಕೆ ಅರ್ಧ ದಿನ ಹಿಡಿಯಿತು. ಕೊನೆಗೆ ಅಂಟು ಬಿಡಲಿಲ್ಲ, ಡೆಕ್ಕಿನ ಮೇಲಿನ ಹೊಳಪು ಪದರ, ಜೆಲ್‌ಕೋಟೇ ಎದ್ದು ಬಂತು. ಮಜಾ ಅಂದರೆ ಅಷ್ಟು ಗಟ್ಟಿ ಹಿಡಿದಿದ್ದ ಅದೇ ಬುಡ ಒಂದು ಬೋಲ್ಟಿನ ಪಕ್ಕದಲ್ಲಿ ಸೋರುತ್ತಿತ್ತು. ಬೋಟಿನ ತಳದ ಭಾರದ ರೆಕ್ಕೆ, ಅಂದರೆ ಕೀಲ್‌ನಂಥ ಜಾಗದಲ್ಲಿ, ಮತ್ತೆಂದೂ ಬಿಚ್ಚಬಾರದ ಕಡೆ, ಇದು ಒಳ್ಳೆಯದೇ. ಕಂಬಿಯನ್ನು ಒಂದಲ್ಲ ಒಂದು ದಿನ ಬಿಚ್ಚಲೇಬೇಕು.

ಒಂದೊಂದು ಕಡೆಗೆ ಮೂರರಂತೆ ಒಟ್ಟು ಆರು ಕಂಬಿ. ಎಡಗಡೆಯವಕ್ಕೆ ಆರಿದ ಮೇಲೆ ರಬ್ಬರಿನಂತಾಗುವ ಪಾಲಿಸಲ್ಫೈಡ್ ಅಂಟು, ಬಲಗಡೆಯವಕ್ಕೆ ಬ್ಯೂಟೈಲ್ ಟೇಪ್ ಅನ್ನುವ ಮೆತ್ತನೆಯ ಅಂಟುಪಟ್ಟಿ ಹಾಕಿದೆ.

ಅದಕ್ಕೂ ಮೊದಲು ಎರಡೂ ಕಡೆ ಒಂದೇ ಕೆಲಸ, ಅದೇ ನಿಜವಾದ ಕೆಲಸ. ತೂತನ್ನು ದೊಡ್ಡದು ಮಾಡಿ, ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ಸುತ್ತಲಿನ ಮರ ಕೆರೆದು ತೆಗೆದೆ. ಕೆಳಗಿನಿಂದ ಟೇಪ್ ಅಂಟಿಸಿ, ದಪ್ಪಗೆ ಕಲಸಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಹೊಸ ತೂತು ಕೊರೆದೆ. ಈಗ ಸೋರಿದರೂ ನೀರು ಕ್ಯಾಬಿನ್ನಿಗೆ ಬಂದೀತೇ ಹೊರತು ಮರಕ್ಕೆ ಹೋಗದು. ಇದನ್ನು ಬಿಟ್ಟು ಯಾವ ಅಂಟು ಒಳ್ಳೆಯದು ಅಂತ ಜಗಳ ಆಡುವುದು ಸುಮ್ನೆ ಟೈಂಪಾಸ್.

ಪಾಲಿಸಲ್ಫೈಡ್ ಹಚ್ಚುವುದು ಸುಲಭ, ಕೈಗೆ ಮೆತ್ತಿದ್ದು ತೊಳೆಯುವುದು ಕಷ್ಟ. ಗಟ್ಟಿಯಾಗಲು ದಿನಗಟ್ಟಲೆ ಬೇಕು. ಮೊದಲು ಸ್ವಲ್ಪ ಬಿಗಿ ಮಾಡಿ, ಆರಿದ ಮೇಲೆ ಪೂರ್ತಿ ಬಿಗಿ ಮಾಡಿ ಅನ್ನುವವರಿದ್ದಾರೆ. ನಾನು ಹಾಗೇ ಮಾಡಿದೆ. ಒಂದು ಕಡೆ ಎರಡನೇ ಸಲಕ್ಕೆ ಬೋಲ್ಟೇ ತಿರುಗಿತು, ಆರಿದ್ದ ಅಂಟು ಬೋಲ್ಟಿನಿಂದ ಬಿಟ್ಟುಕೊಂಡಿತು.

ಬ್ಯೂಟೈಲ್ ಹೋಳಿಗೆ ಕಣಕದ ಹಾಗೆ ಹಿಗ್ಗುತ್ತದೆ, ಆರುವುದೇ ಇಲ್ಲ. ತೂತಿನ ಬಾಯನ್ನು ಮೇಲಿನಿಂದ ಸ್ವಲ್ಪ ಇಳಿಜಾರಾಗಿ ಕೆರೆದರೆ ಟೇಪಿಗೆ ಕೂರಲು ಜಾಗ ಸಿಗುತ್ತದೆ. ಬೋಲ್ಟಿನ ತಲೆಯ ಕೆಳಗೂ ಒಂದು ಸುತ್ತು ಬೇಕು. ಬಿಗಿ ಮಾಡುವಾಗ ಮೇಲೊಬ್ಬರು ಬೋಲ್ಟ್ ಅಲುಗದಂತೆ ಹಿಡಿಯಬೇಕು, ಕೆಳಗಿನವರು ನಟ್ ಮಾತ್ರ ತಿರುಗಿಸಬೇಕು. ನಮ್ಮಲ್ಲಿ ಮೇಲಿದ್ದದ್ದು ಹೆಂಡತಿ, ಆದೇಶಗಳೂ ಮೇಲಿನಿಂದಲೇ. ಒಂದು ವಾರ ದಿನಕ್ಕೊಂದಿಷ್ಟು ಬಿಗಿ ಮಾಡುತ್ತಾ, ಹೊರಗೆ ಬಂದದ್ದನ್ನು ಕತ್ತರಿಸುತ್ತಾ ಹೋದೆವು. ಬಿಸಿಲಿಗೆ ಅಂಚಿನಲ್ಲಿ ಆಮೇಲೂ ಸ್ವಲ್ಪ ಒಸರುತ್ತದೆ, ಧೂಳು ಮೆತ್ತಿ ಕಪ್ಪಾಗುತ್ತದೆ. ನೋಡಲು ಚಂದವಿಲ್ಲ.

ಎರಡು ಚಳಿಗಾಲ ನಟ್ಟುಗಳ ಸುತ್ತ ಪೇಪರ್ ಟವೆಲ್ ಸುತ್ತಿಟ್ಟೆ. ಬಲಗಡೆ ಮೂರೂ ಒಣ. ಎಡಗಡೆ ಆ ತಿರುಗಿದ ಬೋಲ್ಟಿನ ಹತ್ತಿರ ಕಂದು ಕಲೆ. ತಪ್ಪು ಅಂಟಿನದಲ್ಲ, ನನ್ನ ಕೈಯದು. ಆದರೆ ಬ್ಯೂಟೈಲ್ ಇಂಥ ಕೈಯನ್ನೂ ಸಹಿಸಿಕೊಳ್ಳುತ್ತದೆ, ಅದಕ್ಕೇ ನನ್ನ ಓಟು ಅದಕ್ಕೆ. ಬಿಚ್ಚಿ ನೋಡೋಣ ಅಂತ ಬಲಗಡೆಯ ಒಂದನ್ನು ಎತ್ತಿದೆ, ಹತ್ತು ನಿಮಿಷದ ಕೆಲಸ. ಸೋರುತ್ತಿದ್ದ ಪಾಲಿಸಲ್ಫೈಡ್ ಬುಡಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಆದರೂ ಜೆಲ್‌ಕೋಟ್ ಉಳಿಯಿತು.

ಎಲ್ಲ ಕಡೆ ಬ್ಯೂಟೈಲ್ ನಡೆಯುವುದಿಲ್ಲ. ಡೀಸೆಲ್ ತುಂಬುವ ಬಾಯಿಯ ಹತ್ತಿರ ಅದು ಕರಗುತ್ತದೆ, ನೀರಿನ ಮಟ್ಟದ ಕೆಳಗಂತೂ ಬೇಡ. ತೇಗದ ಹಿಡಿಕಂಬಿಗೆ ನಾನು ಪಾಲಿಸಲ್ಫೈಡನ್ನೇ ಹಾಕುತ್ತೇನೆ. ಆದರೆ ಅದನ್ನು ಅಕ್ರಿಲಿಕ್, ಪಾಲಿಕಾರ್ಬನೇಟ್ ಕಿಟಕಿಗಳಿಗೆ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ. ಅಂಗಡಿಯ ಮಾಮೂಲಿ ಸಿಲಿಕೋನ್ ಡೆಕ್ಕಿಗೆ ಬೇಡವೇ ಬೇಡ. ಅದು ಬಿಟ್ಟುಹೋಗುವ ಜಿಡ್ಡಿನ ಮೇಲೆ ಮುಂದೆ ಏನೂ ಹಿಡಿಯುವುದಿಲ್ಲ.

ಕಲೆಯಾಗಿದ್ದ ಬುಡಕ್ಕೆ ಈಗ ಬ್ಯೂಟೈಲ್ ಹಾಕಿದ್ದೇನೆ. ಎಡಗಡೆಯ ಉಳಿದೆರಡು ಹಾಗೇ ಇವೆ. ಸೋರದ್ದನ್ನು ಕೀಳುವಷ್ಟು ಉಮೇದು ನನ್ನ ಮಂಡಿಗಳಿಗಿಲ್ಲ.