ಹಳೆಯ ವಿಡಿಯೊ ಕ್ಯಾಮೆರಾ ರಿಪೇರಿಗೆ ಶಿವರಾಂಪೇಟೆಯ ಒಂದು ಅಂಗಡಿ: ಕೆಲಸಕ್ಕಿಂತ ಮೊದಲು ಎಚ್ಚರಿಕೆ

ಮೈಸೂರಿನಲ್ಲಿ ಮಿಕ್ಸಿ, ಟಿ.ವಿ., ಮೊಬೈಲ್ ರಿಪೇರಿ ಮಾಡುವವರು ಬೀದಿಗೊಬ್ಬರು ಸಿಗುತ್ತಾರೆ. ಕ್ಯಾಸೆಟ್ ಹಾಕುವ ಹಳೆಯ ವಿಡಿಯೊ ಕ್ಯಾಮೆರಾವನ್ನು ಬಿಚ್ಚಿ, ಕೆಡಿಸದೆ ಮತ್ತೆ ಜೋಡಿಸಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಮದುವೆ, ಮುಂಜಿ, ಗೃಹಪ್ರವೇಶಗಳ ಹೈ-8 ಮತ್ತು ಮಿನಿ-ಡಿವಿ ಕ್ಯಾಸೆಟ್‌ಗಳು ಇನ್ನೂ ಅನೇಕ ಮನೆಗಳ ಬೀರುಗಳಲ್ಲಿ ಉಳಿದಿರುವುದರಿಂದ, ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಷ್ಟು ದಿನವಾದರೂ ಕ್ಯಾಮೆರಾ ಓಡಲಿ ಎಂದು ಬಯಸುವವರು ಇದ್ದೇ ಇದ್ದಾರೆ. ಅಂಥವರಿಗಾಗಿ ಶಿವರಾಂಪೇಟೆಯ ಅಡ್ಡರಸ್ತೆಯೊಂದರಲ್ಲಿ, ಮೊದಲನೆಯ ಮಹಡಿಯಲ್ಲಿರುವ ಒಂದು ಚಿಕ್ಕ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಯಜಮಾನರು ಒಬ್ಬರೇ ದುಡಿಯುವವರಾಗಿದ್ದು, ಹೆಸರು ಮತ್ತು ಫೋನ್ ಸಂಖ್ಯೆ ಹಾಕಿದರೆ ಬರುವ ಕೆಲಸವನ್ನು ಸುಧಾರಿಸಲಾಗದು ಎಂದು ಕೇಳಿಕೊಂಡದ್ದರಿಂದ ಅವೆರಡನ್ನೂ ಬಿಟ್ಟಿದ್ದೇನೆ. ಆ ಬೀದಿಯಲ್ಲಿ ಹ್ಯಾಂಡಿಕ್ಯಾಮ್ ರಿಪೇರಿ ಎಂದು ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ರಿಪೇರಿ ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತೇವೆ: ಎಷ್ಟಾಗುತ್ತದೆ, ಯಾವಾಗ ಸಿಗುತ್ತದೆ. ವಿಡಿಯೊ ಕ್ಯಾಮೆರಾದ ಮಟ್ಟಿಗೆ ಅದಕ್ಕೂ ಮೊದಲು ಗಮನಿಸಬೇಕಾದದ್ದು ರಿಪೇರಿ ಮಾಡುವವರು ಎಷ್ಟು ಎಚ್ಚರದಿಂದ ಕೈ ಹಾಕುತ್ತಾರೆ ಎಂಬುದನ್ನು. ತನ್ನ ಕೈಯನ್ನು ಕಾಪಾಡಿಕೊಳ್ಳುವ ಶಿಸ್ತು ಇಲ್ಲದವರ ಬಳಿ ನಮ್ಮ ಕ್ಯಾಮೆರಾವೂ ಕ್ಷೇಮವಾಗಿರುವುದಿಲ್ಲ ಎಂಬುದು ಹಲವು ಅಂಗಡಿಗಳನ್ನು ಕಂಡ ಮೇಲೆ ನಾನು ತಳೆದಿರುವ ನಿಲುವು. ಈ ಅಂಗಡಿಗೆ ನಾನು ಒಯ್ದದ್ದು ಎರಡು ಕ್ಯಾಮೆರಾ. ಒಂದು, ಕಪ್ಪು-ಬಿಳುಪು ವ್ಯೂಫೈಂಡರ್ ಇರುವ 8 ಮಿ.ಮೀ. ಟೇಪಿನ ಹಳೆಯ ಹ್ಯಾಂಡಿಕ್ಯಾಮ್. ಇನ್ನೊಂದು, ಸ್ಥಿರಚಿತ್ರ ತೆಗೆಯಲು ಫ್ಲ್ಯಾಶ್ ಕೂಡ ಇದ್ದ, ಒಳಗೆ ಕ್ಯಾಸೆಟ್ ಸಿಕ್ಕಿಕೊಂಡಿದ್ದ ಮಿನಿ-ಡಿವಿ. ಎರಡೂ ಸರಿಹೋಗಿವೆ. ಆದರೆ ಅದಕ್ಕಿಂತ ಹೆಚ್ಚಾಗಿ ಮೇಜಿನೆದುರು ಕೂತು ಕಂಡದ್ದು ಹೇಳಬೇಕಾದ ವಿಷಯ.

ಕೆಲಸಕ್ಕೆ ಕೂರುವ ಮುನ್ನ ಯಜಮಾನರು ಗಡಿಯಾರ, ಉಂಗುರ ಮತ್ತು ಕೈಯಲ್ಲಿದ್ದ ತಾಮ್ರದ ಕಡಗವನ್ನು ತೆಗೆದು ಡ್ರಾಯರಿಗೆ ಹಾಕಿದರು. ನಂತರ ಕ್ಯಾಮೆರಾದ ಬ್ಯಾಟರಿ ತೆಗೆದರು. ಬಹುತೇಕ ಗಿರಾಕಿಗಳು, ಹಾಗೆಯೇ ಮನೆಯಲ್ಲೇ ಸ್ಕ್ರೂಡ್ರೈವರ್ ಹಿಡಿಯುವ ಉತ್ಸಾಹಿಗಳು, ಇಲ್ಲಿಗೆ ಅಪಾಯ ಮುಗಿಯಿತೆಂದು ತಿಳಿಯುತ್ತಾರೆ. 7.2 ವೋಲ್ಟ್‌ನ ಬ್ಯಾಟರಿಯಿಂದ ಯಾರಿಗೂ ಶಾಕ್ ಹೊಡೆಯುವುದಿಲ್ಲ ಎಂಬುದು ನಿಜವೇ. ಆದರೆ ಫ್ಲ್ಯಾಶ್ ಇರುವ ಕ್ಯಾಮೆರಾದ ಒಳಗಿನ ಇನ್ವರ್ಟರ್ ಸರ್ಕ್ಯೂಟು ಆ 7.2 ವೋಲ್ಟನ್ನು ಸುಮಾರು 300 ವೋಲ್ಟಿಗೆ ಏರಿಸಿ ಕೆಪಾಸಿಟರ್ ಎಂಬ, ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗದಲ್ಲಿ ತುಂಬಿಡುತ್ತದೆ, ಮತ್ತು ಬ್ಯಾಟರಿ ತೆಗೆದ ಬಹಳ ಹೊತ್ತಿನ ನಂತರವೂ ಆ ಚಾರ್ಜ್ ಅಲ್ಲೇ ಇರಬಹುದು. ಒಲೆ ಆರಿದ ಮೇಲೂ ಕಾವಲಿ ಸುಡುತ್ತದಲ್ಲ, ಹಾಗೆ. 100 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ 300 ವೋಲ್ಟಿಗೆ ತುಂಬಿದ್ದರೆ ಅದರಲ್ಲಿರುವ ಶಕ್ತಿ 4.5 ಜೂಲ್. ಬೆರಳು ತಗುಲಿದರೆ ಚರ್ಮ ಸುಡಲು, ಕೈ ಹಿಂದಕ್ಕೆ ಎಗರಿ ಪಕ್ಕದ ಸೋಲ್ಡರಿಂಗ್ ಐರನ್ನಿಗೋ ಲೋಹದ ಅಂಚಿಗೋ ಬಡಿಯಲು ಇಷ್ಟು ಸಾಕು. ಹೃದಯದ ತೊಂದರೆ ಇರುವವರಿಗೆ, ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹರಿದರೆ, ಅದಕ್ಕಿಂತ ದೊಡ್ಡ ಅನಾಹುತವೂ ಆಗಬಹುದು. “ಬ್ಯಾಟ್ರಿ ತೆಗೆದ್ರೆ ಅರ್ಧ ಕೆಲ್ಸ ಅಷ್ಟೇ ಸಾರ್, ಒಳಗೆ ತುಂಬ್ಕೊಂಡಿರೋದು ಯಾರಪ್ಪನ ಮಾತೂ ಕೇಳಲ್ಲ” ಎಂದರು ಯಜಮಾನರು.

ಆ ಚಾರ್ಜನ್ನು ಇಳಿಸುವ ರೀತಿಯಲ್ಲೇ ಅಂಗಡಿ ಅಂಗಡಿಗೆ ವ್ಯತ್ಯಾಸ ಕಾಣುತ್ತದೆ. ಊರಿನ ಇನ್ನೊಂದು ಕಡೆ ಸ್ಕ್ರೂಡ್ರೈವರಿನ ತುದಿಯನ್ನು ಕೆಪಾಸಿಟರಿನ ಎರಡು ಕಾಲುಗಳಿಗೆ ಅಡ್ಡ ಇಟ್ಟು ಚಟ್ ಎಂದು ಕಿಡಿ ಹಾರಿಸಿ, ಅದನ್ನೊಂದು ಕೈಚಳಕವೆಂಬಂತೆ ತೋರಿಸಿದ್ದನ್ನು ಕಂಡಿದ್ದೇನೆ. ಹಾಗೆ ಶಾರ್ಟ್ ಮಾಡಿದಾಗ ಕ್ಷಣಮಾತ್ರಕ್ಕೆ ಹರಿಯುವ ಭಾರಿ ಕರೆಂಟು ಬೋರ್ಡಿನ ತಾಮ್ರದ ಗೆರೆಯನ್ನು ಸುಡಬಹುದು, ಪಕ್ಕದ ಐಸಿಗಳನ್ನು (ಚಿಪ್‌ಗಳನ್ನು) ಕೆಡಿಸಬಹುದು, ಕರಗಿದ ಲೋಹದ ಕಣ ಕಣ್ಣಿಗೂ ಸಿಡಿಯಬಹುದು. ಶಿವರಾಂಪೇಟೆಯ ಯಜಮಾನರ ಬಳಿ ಇರುವುದು 2 ಕಿಲೋ ಓಮ್, 10 ವಾಟಿನ ಒಂದು ರೆಸಿಸ್ಟರ್, ಅಂದರೆ ಕರೆಂಟಿನ ಹರಿವನ್ನು ತಡೆದು ತಗ್ಗಿಸುವ ಬಿಡಿಭಾಗ. ಎರಡೂ ಕಡೆ ದಪ್ಪ ಇನ್ಸುಲೇಷನ್ನಿನ ವೈರು, ತುದಿಗಳಲ್ಲಿ ಮೊನೆ ಬಿಟ್ಟು ಉಳಿದೆಲ್ಲ ಪ್ಲಾಸ್ಟಿಕ್ಕಿನಿಂದ ಮುಚ್ಚಿದ ಪ್ರೋಬುಗಳು. ಲೆಕ್ಕದ ಪ್ರಕಾರ ಒಂದು ಸೆಕೆಂಡಿನಲ್ಲೇ ವೋಲ್ಟೇಜು ಬಹುಪಾಲು ಇಳಿದುಹೋಗುತ್ತದೆಯಾದರೂ ಅವರು ಅದನ್ನು ಸಾವಕಾಶವಾಗಿ ಹಿಡಿದಿದ್ದು, ನಂತರ ಮಲ್ಟಿಮೀಟರನ್ನು ಹೆಚ್ಚಿನ ಡಿಸಿ ರೇಂಜಿಗಿಟ್ಟು ಅಳೆದು, ಸೊನ್ನೆಯ ಹತ್ತಿರ ಬಂದದ್ದನ್ನು ನನಗೂ ತೋರಿಸಿ ಮುಂದುವರಿದರು. ಖಾಲಿಯಾದ ಕೆಪಾಸಿಟರಿನಲ್ಲೂ ಸ್ವಲ್ಪ ಹೊತ್ತಿನ ಮೇಲೆ ಅಷ್ಟಿಷ್ಟು ವೋಲ್ಟೇಜು ಮರಳಿ ಕಾಣಿಸಿಕೊಳ್ಳುವುದುಂಟು. ಊಟ ಮುಗಿಸಿ ಬಂದ ಮೇಲೆ ಅವರು ಮತ್ತೊಮ್ಮೆ ಅಳೆದದ್ದು ಈ ಕಾರಣಕ್ಕೆ. ಒಂದು ಕೈಯಿಂದ ಇನ್ನೊಂದಕ್ಕೆ ಕರೆಂಟು ಹರಿಯದಿರಲೆಂದು, ಈ ಕೆಲಸದ ಹೊತ್ತಿನಲ್ಲಿ ಎಡಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದರು.

ಇಲ್ಲೊಂದು ಸೂಕ್ಷ್ಮವಿದೆ. ಐಸಿಗಳು ಸ್ಥಾಯಿ ವಿದ್ಯುತ್ತಿನಿಂದ ಕೆಡದಂತೆ ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ (ಮೈಯಲ್ಲಿರುವ ಸ್ಥಾಯಿ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಪಟ್ಟಿ) ಕಟ್ಟಿಕೊಳ್ಳಬೇಕೆಂದು ಎಲ್ಲರೂ ಹೇಳುತ್ತಾರೆ, ಮತ್ತು ಅದು ಸರಿಯೇ: ಸುಮಾರು 3,000 ವೋಲ್ಟ್‌ಗಿಂತ ಕಡಿಮೆಯ ಸ್ಥಾಯಿ ವಿದ್ಯುತ್ತು ನಮ್ಮ ಬೆರಳಿಗೆ ತಿಳಿಯುವುದೇ ಇಲ್ಲ, ಆದರೆ ಅದರ ಒಂದು ಚಿಕ್ಕ ಭಾಗವೇ ನಾಜೂಕಾದ ಐಸಿಯನ್ನು ಕೊಲ್ಲಬಲ್ಲದು. ಶಿವರಾತ್ರಿಯ ನಂತರ ಮೈಸೂರಿನ ಹವೆ ಒಣಗುವ ದಿನಗಳಲ್ಲಂತೂ ಈ ಪಟ್ಟಿ ಇಲ್ಲದೆ ಬೋರ್ಡ್ ಮುಟ್ಟಬಾರದು. ಆದರೆ ಅರ್ಥಿಗೆ ಕಟ್ಟಿಕೊಂಡ ಮೈ ಹೈ ವೋಲ್ಟೇಜಿನೆದುರು ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಒಳ್ಳೆಯ ಪಟ್ಟಿಯೊಳಗೆ 1 ಮೆಗಾ ಓಮ್ ರೆಸಿಸ್ಟರ್ ಇಟ್ಟಿರುವುದು ಇದೇ ಭಯದಿಂದ. ಅಗ್ಗದ ಪಟ್ಟಿಗಳಲ್ಲಿ ಅದು ಇದೆಯೆಂದು ನಂಬುವಂತಿಲ್ಲ. ಫ್ಲ್ಯಾಶ್ ಭಾಗವನ್ನು ಮುಟ್ಟುವಾಗ ಪಟ್ಟಿ ಬಿಚ್ಚಿ, ಚಾರ್ಜ್ ಇಳಿದ ಮೇಲೆ ಮತ್ತೆ ಕಟ್ಟಿಕೊಂಡವರನ್ನು ನಾನು ಮೊದಲು ಕಂಡದ್ದು ಇಲ್ಲಿ. ಈ ಅಂಗಡಿಯ ಬಗ್ಗೆ ಬರೆಯಬೇಕೆನಿಸಿದ್ದೂ ಆಗಲೇ.

ಹಳೆಯ ಹ್ಯಾಂಡಿಕ್ಯಾಮಿನ ವ್ಯೂಫೈಂಡರ್‌ನೊಳಗೆ ಇರುವುದು ಹೆಬ್ಬೆರಳಿನಷ್ಟು ಗಾತ್ರದ ಪಿಕ್ಚರ್ ಟ್ಯೂಬು. ಗಾತ್ರ ಚಿಕ್ಕದಾದರೂ ಅದು ಹಳೆಯ ಟಿ.ವಿ.ಯ ಕುಲಕ್ಕೆ ಸೇರಿದ್ದು. ಬೆಳಗಲು ಅದಕ್ಕೂ ಕೆಲವು ಸಾವಿರ ವೋಲ್ಟ್ ಬೇಕು. ಕರೆಂಟು ತೀರ ಕಡಿಮೆಯಾದ್ದರಿಂದ ಜೀವಕ್ಕೆ ಅಪಾಯ ವಿರಳ. ಕೈ ಬೆಚ್ಚಿ ಟ್ಯೂಬಿನ ಸಣ್ಣ ಕುತ್ತಿಗೆ ಮುರಿದರೆ ಮಾತ್ರ ಗಾಜು ಸಿಡಿಯುತ್ತದೆ, ಬದಲಿ ಟ್ಯೂಬು ಎಲ್ಲೂ ಸಿಗುವುದಿಲ್ಲ. ಯಜಮಾನರು ಕನ್ನಡಕ ಹಾಕಿಕೊಂಡೇ ಅದನ್ನು ಬಿಚ್ಚಿದರು. ನನ್ನ ಕ್ಯಾಮೆರಾದಲ್ಲಿ ಕೆಟ್ಟಿದ್ದು ಟ್ಯೂಬಲ್ಲ, ಬೋರ್ಡಿನ ಪುಟ್ಟ ಎಲೆಕ್ಟ್ರೊಲೈಟಿಕ್ (ಒಳಗೆ ದ್ರವವಿರುವ) ಕೆಪಾಸಿಟರುಗಳು. 1990ರ ಆಸುಪಾಸಿನ ಕ್ಯಾಮೆರಾಗಳಲ್ಲಿ ಇವು ಸೋರಿ ತಾಮ್ರವನ್ನು ತಿನ್ನುವುದು ಸಾಮಾನ್ಯ ಕಾಯಿಲೆ. ಬಿಸಿ ಮಾಡಿದಾಗ ಮೀನಿನಂಥ ವಾಸನೆ ಬಂದರೆ ಸೋರಿದೆಯೆಂದೇ ಅರ್ಥ. ಆ ದ್ರವ ಚರ್ಮಕ್ಕೂ ಒಳ್ಳೆಯದಲ್ಲ.

ಅಡಾಪ್ಟರಿನ ವಿಷಯದಲ್ಲಿ ಅವರ ನಿಲುವು ಖಡಾಖಂಡಿತ: ಅದನ್ನು ಬಿಚ್ಚುವುದಿಲ್ಲ, ಬೇರೆ ಕೊಳ್ಳಿ ಎನ್ನುತ್ತಾರೆ. ನಮ್ಮ 230 ವೋಲ್ಟ್ ಮನೆ ಕರೆಂಟು ಅಡಾಪ್ಟರಿನೊಳಗೆ ಡಿಸಿಯಾದಾಗ ಮುಖ್ಯ ಕೆಪಾಸಿಟರಿನ ಮೇಲೆ ಸುಮಾರು 325 ವೋಲ್ಟ್ ನಿಲ್ಲುತ್ತದೆ, ಮತ್ತು ಪ್ಲಗ್ ಹಾಕಿದ್ದಷ್ಟು ಹೊತ್ತೂ ಅದು ತುಂಬುತ್ತಲೇ ಇರುತ್ತದೆ. ಹಾಗಾಗಿ ಕ್ಯಾಮೆರಾಕ್ಕಿಂತ ಅಡಾಪ್ಟರೇ ಹೆಚ್ಚು ಅಪಾಯಕಾರಿ. ಮನೆಯ ವೈರಿಂಗಿಗೂ ಪರೀಕ್ಷಿಸುವ ಸಾಧನಕ್ಕೂ ನೇರ ಸಂಪರ್ಕವಿಲ್ಲದಂತೆ ಮಾಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಪರೀಕ್ಷಿಸುವುದು ತಪ್ಪು. ಟ್ರಾನ್ಸ್‌ಫಾರ್ಮರ್ ಇದ್ದರೂ ಮೈಮರೆಯುವಂತಿಲ್ಲ, ಏಕೆಂದರೆ ಅದರ ಆಚೆ ಬದಿಯಲ್ಲಿ ಎರಡೂ ತಂತಿಗಳನ್ನು ಒಟ್ಟಿಗೆ ಮುಟ್ಟಿದವರನ್ನು ಮನೆಯ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ತಾನೇ ಆರಿಹೋಗುವ ಸ್ವಿಚ್ಚು) ಕಾಪಾಡುವುದಿಲ್ಲ. ತನ್ನಿಂದಾಗದ ಕೆಲಸವನ್ನು ಆಗದೆಂದು ಹೇಳುವ ಅಂಗಡಿಯವರ ಮೇಲೆ ನನಗೆ ಗೌರವ ಹೆಚ್ಚು.

ಲಿಥಿಯಂ-ಅಯಾನ್ ಬ್ಯಾಟರಿಗಳ ಮಟ್ಟಿಗೂ ಹಾಗೆಯೇ. ಸೋನಿ ಸಂಸ್ಥೆ 1991ರಲ್ಲಿ ಇವುಗಳನ್ನು ಮಾರುಕಟ್ಟೆಗೆ ತಂದ ಮೇಲೆ ವಿಡಿಯೊ ಕ್ಯಾಮೆರಾಗಳು ಹಗುರವಾದವು, ಜೊತೆಗೆ ಹೊಸ ಅಪಾಯವೂ ಬಂತು. ಉಬ್ಬಿದ, ಜಜ್ಜಿದ ಅಥವಾ ಚುಚ್ಚಿಹೋದ ಸೆಲ್ಲು ತನ್ನಷ್ಟಕ್ಕೆ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು. ಬ್ಯಾಟರಿ ಪ್ಯಾಕ್ ಬಿಚ್ಚಿ ಸೆಲ್ ಬದಲಿಸಿಕೊಡಿ ಎಂದು ಗೋಗರೆಯುವ ಗಿರಾಕಿಗಳಿಗೆ ಅವರು ಸಾಫ್ ಇಲ್ಲವೆನ್ನುತ್ತಾರೆ. ಉಬ್ಬಿದವುಗಳ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಮರಳು ತುಂಬಿದ ತಗಡಿನ ಡಬ್ಬದಲ್ಲಿ ಹಾಕಿಟ್ಟಿದ್ದಾರೆ. ಆ ಡಬ್ಬ ಯಾವಾಗ, ಯಾರ ಕೈ ಸೇರುತ್ತದೆ ಎಂಬ ನನ್ನ ಪ್ರಶ್ನೆಗೆ ಮಾತ್ರ ಸ್ಪಷ್ಟ ಉತ್ತರ ಬರಲಿಲ್ಲ. ಹಳೆಯ ಬ್ಯಾಟರಿಗಳನ್ನು ಬೇರೆ ಕಸದೊಂದಿಗೆ ಸೇರಿಸದೆ ಮರುಬಳಕೆಗೆ ಒಪ್ಪಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ.

ಇನ್ನು ಸಿಕ್ಕಿಕೊಂಡ ಕ್ಯಾಸೆಟ್ಟಿನ ಕಥೆ. ಮಿನಿ-ಡಿವಿ ಟೇಪಿನ ಅಗಲ 6.35 ಮಿ.ಮೀ., ದಪ್ಪ ಸುಮಾರು 7 ಮೈಕ್ರೊಮೀಟರ್. ಅದನ್ನು ಓದುವ ಹೆಡ್ ಡ್ರಮ್ ತಿರುಗುವುದು ನಿಮಿಷಕ್ಕೆ 9,000 ಸುತ್ತು. ಬಾಗಿಲನ್ನು ಮೀಟಿ ತೆಗೆದರೆ ಟೇಪ್ ಹರಿಯುತ್ತದೆ, ಕೆಲವೊಮ್ಮೆ ಹೆಡ್ಡೂ ಹೋಗುತ್ತದೆ. ಯಜಮಾನರು ಪಕ್ಕದ ಕವಚ ಬಿಚ್ಚಿ, ಕ್ಯಾಸೆಟ್ಟನ್ನು ಒಳಗೆಳೆದುಕೊಳ್ಳುವ ಲೋಡಿಂಗ್ ಮೋಟರಿಗೆ ಹೊರಗಿನಿಂದ ಕಡಿಮೆ ವೋಲ್ಟೇಜು ಕೊಟ್ಟು ಯಂತ್ರವನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ, ಸಡಿಲವಾದ ಟೇಪನ್ನು ರೀಲಿಗೆ ಸುತ್ತಿ ಇಡೀ ಕ್ಯಾಸೆಟ್ಟನ್ನು ಕೈಗಿತ್ತರು. ಡ್ರಮ್ ಒರೆಸಲು ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಳಸಲಿಲ್ಲ, ಏಕೆಂದರೆ ಹತ್ತಿಯ ಎಳೆ ಹೆಡ್ಡಿನ ತುದಿಗೆ ಸಿಕ್ಕಿ ಅದನ್ನೇ ಕೀಳಬಹುದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿದ ಮೆತ್ತನೆಯ ಚರ್ಮದ ತುಂಡನ್ನು ಅಲುಗಾಡದಂತೆ ಡ್ರಮ್ಮಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನೇ ತಿರುಗಿಸಿದರು. ಮೇಲಕ್ಕೂ ಕೆಳಕ್ಕೂ ಉಜ್ಜುವುದು ಮಾತ್ರ ಕೂಡದು. ಆಲ್ಕೊಹಾಲ್ ಬೇಗ ಬೆಂಕಿ ಹಿಡಿಯುವ ದ್ರವವಾದ್ದರಿಂದ ಸೋಲ್ಡರಿಂಗ್ ಐರನ್ ಆರಿಸಿದ ಮೇಲೆಯೇ ಬಾಟಲಿಯ ಮುಚ್ಚಳ ತೆಗೆದರು. ಬಿಚ್ಚಿದ ಸ್ಕ್ರೂಗಳನ್ನು ಕ್ಯಾಮೆರಾದ ಚಿತ್ರ ಬರೆದ ಹಾಳೆಯ ಮೇಲೆ, ಅವು ಇದ್ದ ಜಾಗದಲ್ಲೇ ಅಂಟಿಸಿದ್ದರು. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಕೆಳಗಿನ ಬೋರ್ಡನ್ನೇ ಚುಚ್ಚಿ ಶಾರ್ಟ್ ಮಾಡುತ್ತದೆ.

ಕೊರತೆಗಳೂ ಇವೆ, ಸಣ್ಣವಲ್ಲ. ಬೆಸುಗೆಯ ಹೊಗೆ ಹೊರಹೋಗಲು ಒಂದು ಕಿಟಕಿ ಬಿಟ್ಟರೆ ಬೇರೆ ವ್ಯವಸ್ಥೆ ಇಲ್ಲ. ಬೆಸುಗೆ ಹಿಡಿಯಲು ತಂತಿಯೊಳಗೆ ಸೇರಿಸಿರುವ ಫ್ಲಕ್ಸಿನ ಹೊಗೆ ಉಬ್ಬಸ ಇರುವವರಿಗೆ ಆಗಿಬರುವುದಿಲ್ಲ. ಬಳಸುವುದು ಸೀಸ ಬೆರೆತ ಬೆಸುಗೆಯ ತಂತಿ. ಸೀಸವು ಹೊಗೆಗಿಂತ ಹೆಚ್ಚಾಗಿ ಬೆರಳಿನ ಮೂಲಕ ಬಾಯಿಗೆ ಹೋಗುತ್ತದೆ, ಹೀಗಿರುವಾಗ ಅದೇ ಮೇಜಿನ ಮೇಲೆ ಟೀ ಲೋಟ, ಚುರುಮುರಿ ಪೊಟ್ಟಣ! ಕರೆಂಟಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದವರು ಇದನ್ನು ಹೇಗೆ ಬಿಟ್ಟರೋ ತಿಳಿಯದು. ಗೋಡೆಯ ಮೇಲಿನ ಅಗ್ನಿಶಾಮಕದ ಮುಳ್ಳು ಕೆಂಪು ಭಾಗಕ್ಕೆ ಇಳಿದಿದೆ, ಅಂದರೆ ಅದರಲ್ಲಿ ಒತ್ತಡ ಸಾಲದು. ಗಡಿಯಾರಕ್ಕೆ ಹಾಕುವ ನಾಣ್ಯದಂಥ ಲಿಥಿಯಂ ಸೆಲ್ಲುಗಳು ತೆರೆದ ತಟ್ಟೆಯಲ್ಲಿವೆ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಲ್ಲ ವಸ್ತುವದು. ಇವನ್ನೆಲ್ಲ ನಾನು ಅವರಿಗೇ ಹೇಳಿದ್ದೇನೆ. ಸೆಲ್ಲಿನ ತಟ್ಟೆಗೆ ಮುಚ್ಚಳ ಬಂದಿದೆ, ಉಳಿದವು ಹಾಗೆಯೇ ಇವೆ. ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ, ಖರ್ಚಿನ ಅಂದಾಜನ್ನು ಬರೆದುಕೊಡುವ ಪದ್ಧತಿಯಿಲ್ಲ. ಬಿಡಿಭಾಗಕ್ಕೆ ಹಳೆಯ ಕ್ಯಾಮೆರಾಗಳನ್ನೇ ಅವಲಂಬಿಸಿರುವುದರಿಂದ ತಡವಾಗುತ್ತದೆ. ಅವಸರ ಮಾಡಿ ಪ್ರಯೋಜನವಿಲ್ಲ.

ಬಿಚ್ಚಿ ನೋಡಲು 300 ರೂಪಾಯಿ ತೆಗೆದುಕೊಳ್ಳುತ್ತಾರೆ. ರಿಪೇರಿ ಮಾಡಿಸಿದರೆ ಅದು ಒಟ್ಟು ಲೆಕ್ಕದಲ್ಲಿ ಕಳೆಯುತ್ತದೆ. ಡಿವಿಡಿ ಹಾಕುವ ಕ್ಯಾಮೆರಾಗಳನ್ನು ಅವರು ಮುಟ್ಟುವುದಿಲ್ಲ, ಏಕೆಂದರೆ ಕವಚ ತೆಗೆದು ಓಡಿಸಿದಾಗ ಲೇಸರ್ ಕಿರಣ ಕಣ್ಣಿಗೆ ಬೀಳುವ ಸಂಭವವಿದ್ದು ಅದಕ್ಕೆ ತಕ್ಕ ಸಲಕರಣೆ ಅವರಲ್ಲಿಲ್ಲ. ಕ್ಯಾಸೆಟ್ ಸಿಕ್ಕಿಕೊಂಡಿದ್ದರೆ ಎಜೆಕ್ಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತದೆ, ಬ್ಯಾಟರಿಯನ್ನು ಬೇರ್ಪಡಿಸಿ, ಅದನ್ನೂ ಅಡಾಪ್ಟರನ್ನೂ ಕ್ಯಾಮೆರಾದೊಂದಿಗೆ ಒಯ್ಯಬೇಕು. ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕೇಬಲ್ ಇದ್ದರೆ ಅದನ್ನೂ ತೋರಿಸುವುದು ಲೇಸು: 6 ಪಿನ್ನಿನ ಕಡೆಯನ್ನು ಬಲವಂತವಾಗಿ ತಿರುವುಮುರುವಾಗಿ ತುರುಕಿದರೆ ಡೇಟಾ ತಂತಿಗಳಿಗೆ ವಿದ್ಯುತ್ತು ಹರಿದು ಆಗಷ್ಟೇ ಸರಿಯಾದ ಕ್ಯಾಮೆರಾದ ಪೋರ್ಟು ಸುಟ್ಟುಹೋಗಬಹುದು, ಮತ್ತು ಹಾಗೆ ಸುಟ್ಟ ಪೋರ್ಟನ್ನು ಈ ಯಜಮಾನರೂ ಸರಿಮಾಡಿಕೊಡುವುದಿಲ್ಲ.