ಆರು ಚಳಿಗಾಲ ಬಳಸಿದ ಗಾಳಿ ಪಂಪು, ಮತ್ತು ಅದರ ಹಾಳು ಮೂತಿ

ಕಾರಿನ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ 12 ವೋಲ್ಟ್‌ನ ಪುಟ್ಟ ಗಾಳಿ ಪಂಪು ಇದು. ಎಷ್ಟು ವ್ಯಾಟ್, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಅನ್ನುವುದೆಲ್ಲ ಡಬ್ಬದ ಮೇಲೇ ಇದೆ, ನೀವು ನೋಡಿರುತ್ತೀರಿ. ಅದನ್ನು ಬಿಟ್ಟು ಬೇರೆ ವಿಷಯ ಹೇಳುತ್ತೇನೆ.

ನಮ್ಮ ಹಳೇ ಮನೆಗೆ ಹೋಗಬೇಕು ಅಂದರೆ ಡಾಂಬರು ಮುಗಿದ ಮೇಲೆ 11 ಕಿಲೋಮೀಟರ್ ಮಣ್ಣಿನ ರಸ್ತೆ. ಚಳಿಗಾಲದಲ್ಲಿ ಅದರ ಸ್ವಭಾವವೇ ಬೇರೆ. ಹಿಂದಿನ ದಿನ ಕೆಸರಿನಲ್ಲಿ ಯಾರೋ ಓಡಿಸಿದ ಗಾಡಿಯ ಜಾಡು ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಕಲ್ಲಿನಂತಾಗಿರುತ್ತದೆ. ಚಕ್ರ ಒಮ್ಮೆ ಅದರೊಳಗೆ ಇಳಿದರೆ ಸ್ಟೀರಿಂಗ್ ನಮ್ಮ ಮಾತು ಕೇಳುವುದಿಲ್ಲ. ಮಧ್ಯಾಹ್ನ ಬಿಸಿಲು ಬಿದ್ದರೆ ಅದೇ ಜಾಡು ಮತ್ತೆ ಕೆಸರು. ಒಣಗಿದ ಕಡೆ ಬಟ್ಟೆ ಒಗೆಯುವ ಹಲಗೆಯ ಹಾಗೆ ಸಾಲು ಸಾಲು ಅಲೆ. ಈ ಅಲೆಗಳು ಹೇಗೆ ಹುಟ್ಟುತ್ತವೆ ಅಂತ ಭೌತವಿಜ್ಞಾನಿಗಳು ಮರಳಿನ ಮೇಲೆ ಚಕ್ರ ಉರುಳಿಸಿ ನೋಡಿ 2007ರಲ್ಲಿ ಬರೆದಿದ್ದಾರೆ. ವೇಗ ಒಂದು ಮಿತಿ ದಾಟಿದರೆ ಸಾಕು, ಅಲೆ ತಾನಾಗೇ ಏಳುತ್ತದಂತೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಏನೂ ಇಲ್ಲದಿದ್ದರೂ ಏಳುತ್ತದೆ. ಓದಿ ಅಪ್ಪನಿಗೆ ಹೇಳಿದೆ. "ನಿಧಾನ ಹೋಗು ಅಂತ ನಾನು ಇಷ್ಟು ವರ್ಷದಿಂದ ಹೇಳ್ತಿರೋದು ಅದೇ ಅಲ್ವಾ" ಅಂದರು.

ಅಪ್ಪನ ಇನ್ನೊಂದು ಪಾಠ ಟೈರಿನ ಗಾಳಿ ಇಳಿಸುವುದು. ಡಾಂಬರು ಮುಗಿಯುವ ಜಾಗದಲ್ಲಿ ಒಂದು ದೊಡ್ಡ ಮರವಿದೆ. ಅಲ್ಲಿ ಗಾಡಿ ನಿಲ್ಲಿಸಿ 33 ಪಿಎಸ್‌ಐಯಿಂದ (ಗಾಳಿಯ ಒತ್ತಡದ ಅಳತೆ) 26ಕ್ಕೆ ಇಳಿಸುತ್ತೇವೆ. ಟೈರು ಸ್ವಲ್ಪ ಅಗಲವಾಗಿ ಕೂರುತ್ತದೆ, ಹಿಡಿತ ಜಾಸ್ತಿ, ಚೂಪು ಕಲ್ಲಿನ ಮೇಲೆ ಬಾಗಿ ಹೋಗುತ್ತದೆ, ಒಳಗೆ ಕೂತವರ ಹಲ್ಲು ಕಟಕಟಿಸುವುದಿಲ್ಲ. ಆದರೆ ವಾಪಸ್ ಡಾಂಬರಿಗೆ ಬಂದ ಮೇಲೆ ಅದೇ ಗಾಳಿಯಲ್ಲಿ ಜೋರಾಗಿ ಓಡಿಸುವ ಹಾಗಿಲ್ಲ, ಟೈರು ಬಿಸಿಯಾಗುತ್ತದೆ. ಅದಕ್ಕೇ ಈ ಪಂಪು. ಮೊದಲು ಅಪ್ಪನ ಕಾಲು ಪಂಪು ಇತ್ತು. ನಾಲ್ಕು ಚಕ್ರ ತುಂಬುವಷ್ಟರಲ್ಲಿ ಸ್ವೆಟರ್ ಬಿಚ್ಚಬೇಕಾಗುತ್ತಿತ್ತು.

ಹೊಸ ಪಂಪಿಗೆ ಒಂದು ಚಕ್ರಕ್ಕೆ ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ನಡುವೆ ಅದಕ್ಕೆ ಆರಲು ಬಿಡುವ ಹೊತ್ತೂ ಸೇರಿ ಒಟ್ಟು ಇಪ್ಪತ್ತು ನಿಮಿಷ. ತಗೊಳ್ಳುವಾಗ ಇದು ದೊಡ್ಡ ಕೊರತೆ ಅನ್ನಿಸಿತ್ತು. ಈಗ ನಮ್ಮ ಪ್ರಯಾಣದಲ್ಲಿ ಎಲ್ಲರಿಗೂ ಇಷ್ಟವಾದ ಹೊತ್ತು ಅದೇ. ಎಂಜಿನ್ ಚಾಲೂ ಇರುತ್ತದೆ, ಇಲ್ಲದಿದ್ದರೆ ಚಳಿಗೆ ಮೊದಲೇ ಸೋತಿರುವ ಬ್ಯಾಟರಿ ಇನ್ನೂ ಸೋಲುತ್ತದೆ. ಪಂಪು ಕಾರಿನ ರಬ್ಬರ್ ಮ್ಯಾಟಿನ ಮೇಲೆ ಕೂತು ಟಕಟಕಟಕ ಅನ್ನುತ್ತದೆ. ಮಗಳ ಮುಷ್ಟಿಯಲ್ಲಿ ನಾಲ್ಕು ವಾಲ್ವ್ ಮುಚ್ಚಳ. ಒಂದನ್ನೂ ಇಲ್ಲಿವರೆಗೆ ಕಳೆದಿಲ್ಲ. ಮುಚ್ಚಳ ಇಲ್ಲದಿದ್ದರೆ ವಾಲ್ವಿನೊಳಗೆ ನೀರು ಸೇರಿ ಗಡ್ಡೆ ಕಟ್ಟಿ ಗಾಳಿ ಸೋರಬಹುದು ಅಂತ ತಾತ ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಮಗ ಬೆಚ್ಚಗಾದ ಪಂಪಿನ ಬೆನ್ನಿನ ಮೇಲೆ ಎರಡೂ ಅಂಗೈ ಇಟ್ಟುಕೊಂಡು ಕೂರುತ್ತಾನೆ. ಒಂದು ಚಕ್ರ ಆದಮೇಲೆ ಸರದಿ ಬದಲು, ಅವನ ಕೈ ತೆಗೆದು ಅವಳ ಕೈ. ನನ್ನ ಹೆಂಡತಿ ಟಾರ್ಚ್ ಹಿಡಿದಿರುತ್ತಾಳೆ. ಬೆಳಕಿನಲ್ಲಿ ಎಲ್ಲರ ಉಸಿರು ಬೆಳ್ಳಗೆ ಕಾಣುತ್ತದೆ.

ಅಪ್ಪ ಪಂಪಿನ ಮೀಟರ್ ನಂಬುವುದಿಲ್ಲ. ಅವರ ಹಳೇ ಮುಳ್ಳಿನ ಗೇಜ್ ಜೇಬಿನಲ್ಲೇ ಇರುತ್ತದೆ. ಅವರು ನಂಬದಿರುವುದೇ ಸರಿ. ಪಂಪು ಓಡುತ್ತಿರುವಾಗ ಅದರ ಮೀಟರ್ ಟೈರಿನಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ನಿಲ್ಲಿಸಿಯೇ ಓದಬೇಕು. ನಿಲ್ಲಿಸಿ ಓದಿದರೂ ನಮ್ಮದು ಅಪ್ಪನ ಗೇಜಿಗಿಂತ 2 ಮುಂದೆ. ಇನ್ನೊಂದು ವಿಷಯ, ಚಳಿ ಸುಮಾರು 5-6 ಡಿಗ್ರಿ ಹೆಚ್ಚಾದರೆ ಟೈರಿನಲ್ಲಿ 1 ಪಿಎಸ್‌ಐ ತಾನಾಗೇ ಇಳಿಯುತ್ತದೆ. ಮಧ್ಯಾಹ್ನ ಸರಿಯಾಗಿ ತುಂಬಿಸಿದ ಗಾಳಿ ಮರುದಿನ ನಸುಕಿನಲ್ಲಿ 2-3 ಕಮ್ಮಿ ಇದ್ದರೆ ಪಂಕ್ಚರ್ ಅಂತ ಗಾಬರಿ ಬೇಡ.

ಇಷ್ಟೆಲ್ಲ ಒಳ್ಳೆಯದಿದ್ದರೂ ಮೂತಿ ಮಾತ್ರ ಬಹಳ ಕೆಟ್ಟದು. ವಾಲ್ವಿಗೆ ತಿರುಗಿಸಿ ಕೂರಿಸುವ ಹಿತ್ತಾಳೆ ಮೂತಿ ಅದು. ಕೈಗವಸು ಹಾಕಿಕೊಂಡರೆ ಹಿಡಿತ ಸಿಗುವುದಿಲ್ಲ, ಬಿಚ್ಚಿದರೆ ಹಿತ್ತಾಳೆ ಬೆರಳು ಕಚ್ಚುತ್ತದೆ. ಮೂರು ನಿಮಿಷ ಗಾಳಿ ಹೋದ ಮೇಲೆ ಅದೇ ಮೂತಿ ಕಾದು ಮುಟ್ಟಲಾಗುವುದಿಲ್ಲ. ಹಾಕುವಾಗ ಮಂಜುಗಡ್ಡೆ, ತೆಗೆಯುವಾಗ ಕೆಂಡ. ತೆಗೆಯಲು ನಾಲ್ಕು ಸುತ್ತು ಬೇಕು, ಆ ನಾಲ್ಕೂ ಸುತ್ತು ಉಸ್ಸ್ ಅಂತ ಗಾಳಿ ಹೋಗುತ್ತಿರುತ್ತದೆ. ಅಪ್ಪ ಅದಕ್ಕೆ ಲೆಕ್ಕ ಹಾಕಿ 2 ಜಾಸ್ತಿಯೇ ತುಂಬಿಸಿ, "ಒಂದು, ಎರಡು, ಮೂರು, ನಾಲ್ಕು" ಎಣಿಸುತ್ತಾ ಸರಕ್ಕನೆ ತಿರುಗಿಸುತ್ತಿದ್ದರು. ಮಕ್ಕಳೂ ಜೊತೆಗೆ ಕೂಗುತ್ತಿದ್ದರು. ಅಪ್ಪನ ಹೆಬ್ಬೆರಳಿನ ತುದಿ ಎರಡು ಸಲ ಸುಟ್ಟಿದೆ.

ಕೊಳವೆಯೂ ಅಷ್ಟೇ, ಪ್ಲಾಸ್ಟಿಕ್. ಚಳಿಗೆ ಕೋಲಿನ ಹಾಗೆ ಸೆಟೆದುಕೊಂಡು ವಾಲ್ವನ್ನು ಪಕ್ಕಕ್ಕೆ ಎಳೆಯುತ್ತದೆ. ನಾಲ್ಕನೇ ಚಳಿಗಾಲದಲ್ಲಿ ಹಾಗೆ ಎಳೆದು ಹಿಂದಿನ ಚಕ್ರದ ವಾಲ್ವು ಬುಡದಲ್ಲೇ ಸೀಳಿತು. ಹಳೆಯ ವಾಲ್ವು ಅನ್ನುವುದು ನಿಜ. ಆದರೂ ಆ ರಾತ್ರಿ ಕತ್ತಲಲ್ಲಿ ಸ್ಟೆಪ್ನಿ ಬದಲಾಯಿಸುವಾಗ, ಚಳಿಯಲ್ಲಿ ಮಂಡಿಯೂರಿ ಕೂತ ಅಪ್ಪನನ್ನು ನೋಡಿ, ಈ ಪಂಪು ಮಾಡಿದವರು ಒಂದು ದಿನವಾದರೂ ಇದನ್ನು ಚಳಿಯಲ್ಲಿ ಹಿಡಿದು ನೋಡಿದ್ದಾರಾ ಅಂತ ಕಣ್ಣಲ್ಲಿ ನೀರು ಬಂತು. ತಯಾರಕರಿಗೆ ಎರಡು ಸಲ ಬರೆದೆ. ಎರಡು ಸಲವೂ "ಧನ್ಯವಾದ" ಅಂತ ಒಂದೇ ಸಾಲಿನ ಉತ್ತರ.

ಆಮೇಲೆ ಬೇರೆ ಪಂಪು ಕೊಳ್ಳುವಷ್ಟು ದುಡ್ಡು ಹಾಕಲು ಮನಸ್ಸಾಗಲಿಲ್ಲ, ಮೋಟಾರ್ ಗಟ್ಟಿಯಾಗೇ ಇತ್ತು. ಮೂತಿಯ ತುದಿಗೆ ಸಿಕ್ಕಿಸುವ ಒಂದು ಗೇಣು ರಬ್ಬರ್ ಕೊಳವೆ ಸಿಕ್ಕಿತು, ಕೊನೆಯಲ್ಲಿ ಒತ್ತಿ ಬೀಗ ಹಾಕುವ ಹಿಡಿ. ಅದು ಚಳಿಯಲ್ಲೂ ಮೆತ್ತಗಿರುತ್ತದೆ, ಹಿಡಿ ಎತ್ತಿದರೆ ಟಪ್ ಅಂತ ಬಿಟ್ಟುಕೊಳ್ಳುತ್ತದೆ, ಗಾಳಿ ಹೋಗುವುದು ಲೆಕ್ಕಕ್ಕೇ ಇಲ್ಲ. ಕೈಗವಸು ಬಿಚ್ಚುವ ಕೆಲಸವಿಲ್ಲ. ಈಗ ಮಗನೇ ಮಾಡುತ್ತಾನೆ.

ಕಳೆದ ಚಳಿಗಾಲ ಅಪ್ಪ ಕೆಳಗೆ ಇಳಿಯಲಿಲ್ಲ, ಮಂಡಿ ಬಗ್ಗುತ್ತಿಲ್ಲ. ಕಿಟಕಿ ನಾಲ್ಕು ಬೆರಳು ಇಳಿಸಿ ತಮ್ಮ ಗೇಜನ್ನು ಹೊರಗೆ ಚಾಚಿದರು. ಮಗ ನಾಲ್ಕೂ ಚಕ್ರ ಅಳೆದು ಬಂದು ಮುಳ್ಳನ್ನು ಅವರ ಕಣ್ಣ ಮುಂದೆ ಹಿಡಿದ. ಹಿಂದಿನ ಎಡ ಚಕ್ರ 31 ಇತ್ತು. "ಇನ್ನೊಂದು ಸ್ವಲ್ಪ ಹಾಕು" ಅಂದರು. ಪಂಪು ಮತ್ತೆ ಟಕಟಕ ಶುರುವಾಯಿತು, ಮಗಳು ಓಡಿ ಬಂದು ಅದರ ಮೇಲೆ ಕೈ ಇಟ್ಟಳು.

ಐದರಲ್ಲಿ ಮೂರು ಕೊಡುತ್ತೇನೆ. ಮೋಟಾರಿಗೆ ಐದೂ ಕೊಡಬಹುದು, ಮೂತಿಗೆ ಒಂದೂ ಇಲ್ಲ. ಬೇಸಿಗೆಯಲ್ಲಿ ಮಾತ್ರ ಬಳಸುವವರು ಸುಮ್ನೆ ತಗೊಳ್ಳಿ. ಚಳಿಯಲ್ಲಿ ಮಣ್ಣಿನ ರಸ್ತೆಗೆ ಹೋಗುವವರು ಆ ರಬ್ಬರ್ ಕೊಳವೆಯನ್ನೂ ಅದೇ ದಿನ ತಗೊಳ್ಳಿ. ಲೈಟರ್ ಸಾಕೆಟ್ಟಿನ ಫ್ಯೂಸು ಎಷ್ಟು ಆಂಪಿಯರ್ ತಡೆಯುತ್ತದೆ ಅಂತ ಕಾರಿನ ಪುಸ್ತಕದಲ್ಲಿ ನೋಡಿಕೊಂಡು, ಅಂಥದ್ದೇ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ. ನಮ್ಮದು ಒಮ್ಮೆ ಹೋಗಿತ್ತು, ಮೂರು ಚಕ್ರ ಆಗಿ ನಾಲ್ಕನೆಯದು ಬಾಕಿ ಇರುವಾಗ.