ಯುಎಸ್‌ಬಿ ಸೂಕ್ಷ್ಮದರ್ಶಕ, ಫೋಲ್ಡ್‌ಸ್ಕೋಪ್, ಟ್ಯಾಬ್: ಶನಿವಾರದ ವಿಜ್ಞಾನ ತರಗತಿಗೆ ಯಾವುದು?

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಗೆ ಶನಿವಾರ ಪಠ್ಯಪುಸ್ತಕವಿಲ್ಲದ ಒಂದು ವಿಜ್ಞಾನ ತರಗತಿ ನಡೆಸುತ್ತೇನೆ. ಪ್ರಶ್ನೆ ಮಕ್ಕಳದೇ ಆಗಬೇಕು, ನೋಡಿ ಅಳೆದು ಉತ್ತರ ಹುಡುಕುವವರೂ ಅವರೇ ಆಗಬೇಕು ಎಂಬುದು ಇಲ್ಲಿಯ ನಿಯಮ. ಇದಕ್ಕಾಗಿ ಮೂರು ಸಾಧನಗಳನ್ನು ಬಳಸಿ ನೋಡಿದ್ದೇನೆ: ನಾನೇ ₹1,400 ಕೊಟ್ಟು ತರಿಸಿದ, ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೋ ಫೋನಿಗೋ ಜೋಡಿಸಿ ಪರದೆಯ ಮೇಲೆ ನೋಡುವ ಯುಎಸ್‌ಬಿ ಸೂಕ್ಷ್ಮದರ್ಶಕ, ಸಹೋದ್ಯೋಗಿಯೊಬ್ಬರು ಕೊಟ್ಟ, ಕಾಗದ ಮಡಚಿ ಮಾಡಿದ ಸೂಕ್ಷ್ಮದರ್ಶಕವಾದ ಫೋಲ್ಡ್‌ಸ್ಕೋಪ್, ಮತ್ತು ದಾನಿಗಳಿಂದ ಬಂದ, ವಿಡಿಯೊ ಪಾಠಗಳಿಂದ ತುಂಬಿದ ಟ್ಯಾಬ್. ನನ್ನ ಮತ ಯುಎಸ್‌ಬಿ ಸೂಕ್ಷ್ಮದರ್ಶಕಕ್ಕೆ. ಅದು ಕೊಟ್ಟ ಕಾಟವನ್ನೂ ಮುಂದೆ ವಿವರವಾಗಿಯೇ ಬರೆಯುತ್ತೇನೆ.

ಟ್ಯಾಬ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಚಿತ್ರಗಳು ಚೆನ್ನಾಗಿವೆ, ಕನ್ನಡವೂ ಪರವಾಗಿಲ್ಲ, ಆದರೆ ಮಗು ‘ಏಕೆ’ ಎಂದು ಬಾಯಿ ತೆರೆಯುವ ಮೊದಲೇ ವಿಡಿಯೊ ಉತ್ತರ ಹೇಳಿ ಮುಗಿಸಿರುತ್ತದೆ.

ಫೋಲ್ಡ್‌ಸ್ಕೋಪ್ ವಿಷಯ ಹಾಗಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ ರೂಪಿಸಿದ, 2014ರಲ್ಲಿ ಜಗತ್ತಿಗೆ ಪರಿಚಯವಾದ ಈ ಕಾಗದದ ಸೂಕ್ಷ್ಮದರ್ಶಕವು ವಸ್ತುವನ್ನು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ ಮತ್ತು ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಕುಂಟೆಯ ನೀರಿನ ಒಂದು ಹನಿಯಲ್ಲಿ ಓಡಾಡುವ ಜೀವಿಗಳನ್ನು ನೋಡಲು ಇದಕ್ಕೆ ಸಮನಾದುದು ನನ್ನ ಬಳಿ ಬೇರೊಂದಿಲ್ಲ. ತೊಂದರೆಯಿರುವುದು ಬೇರೆ ಕಡೆ: ಒಮ್ಮೆಗೆ ಒಂದೇ ಕಣ್ಣು ನೋಡಬಹುದು, ಆ ಕಣ್ಣು ಕಂಡದ್ದು ಹುಳುವೋ, ಗಾಳಿಗುಳ್ಳೆಯೋ, ತನ್ನದೇ ರೆಪ್ಪೆಯ ಕೂದಲೋ ಎಂಬುದು ಪಕ್ಕದಲ್ಲಿ ನಿಂತ ನನಗೂ ತಿಳಿಯುವುದಿಲ್ಲ. ಇಬ್ಬರು ಒಂದೇ ವಸ್ತುವನ್ನು ಒಟ್ಟಿಗೆ ನೋಡಲಾಗದಿದ್ದರೆ ಅದರ ಬಗ್ಗೆ ವಾದ ಹೂಡುವುದಾದರೂ ಹೇಗೆ? ಅದಲ್ಲದೆ, ಬೆಳಕು ಹಾಯುವಷ್ಟು ತೆಳುವಾದ ವಸ್ತುವಷ್ಟೇ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ಮಕ್ಕಳು ತರುವುದು ರೇಷ್ಮೆ ಹುಳುವನ್ನು. ಅರ್ಧದಷ್ಟು ಮನೆಗಳಲ್ಲಿ ಹುಳು ಸಾಕಣೆಯಿದೆ, ಆದ್ದರಿಂದ “ಮಿಸ್, ಮೂಗಿಲ್ದೆ ಹುಳ ಹೆಂಗೆ ಉಸಿರಾಡ್ತದೆ?” ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. ಹುಳುವನ್ನು ಹಿಪ್ಪುನೇರಳೆ ಎಲೆಯ ಸಮೇತ ಯುಎಸ್‌ಬಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಅದರ ಪಕ್ಕೆಯಲ್ಲಿ ಸಾಲಾಗಿರುವ ಕಪ್ಪು ಅಂಚಿನ ಅಂಡಾಕಾರದ ಚುಕ್ಕೆಗಳು ಲ್ಯಾಪ್‌ಟಾಪ್ ಪರದೆಯ ಮೇಲೆ ಎಲ್ಲರಿಗೂ ಒಟ್ಟಿಗೆ ಕಂಡವು. ಅವು ಕಣ್ಣುಗಳೆಂದು ಒಂದು ಗುಂಪು, ಬರೀ ಬಣ್ಣವೆಂದು ಇನ್ನೊಂದು ಗುಂಪು ಪಟ್ಟು ಹಿಡಿದವು. ಎಣಿಸಿದಾಗ ಒಂದು ಪಕ್ಕೆಗೆ ಒಂಬತ್ತು. ಬರೀ ಬಣ್ಣವಾಗಿದ್ದರೆ ಜ್ವರ (ಪೊರೆ ಕಳಚುವ ಮೊದಲು ಹುಳು ಮೇಯದೆ ಅಲುಗದೆ ಇರುವ ಹಂತ) ಕಳೆದು ಎದ್ದ ಹುಳು ಬಿಟ್ಟ ಪೊರೆಯಲ್ಲಿ ತೂತಿರಬಾರದಲ್ಲ ಎಂದು ಐದನೆಯ ತರಗತಿಯ ಹುಡುಗಿಯೊಬ್ಬಳು ಮುಂದಿನ ವಾರ ಸಾಕಣೆ ತಟ್ಟೆಯಿಂದ ಪೊರೆಯನ್ನೇ ಹೆಕ್ಕಿ ತಂದಳು. (ಆ ಚುಕ್ಕೆಗಳು ಹುಳು ಉಸಿರಾಡುವ ತೂತುಗಳು.) ಪೊರೆ ತೆಳುವಾದ್ದರಿಂದ ಅದನ್ನು ನೋಡಲು ಫೋಲ್ಡ್‌ಸ್ಕೋಪೇ ಮೇಲಾಯಿತು ಎಂಬುದನ್ನೂ ಹೇಳಬೇಕು. (ಶಾಲೆಗೆ ತಂದ ಹುಳುವನ್ನು ಮರಳಿ ಸಾಕಣೆ ಮನೆಗೆ ಒಯ್ಯಲು ನಾನು ಬಿಡುವುದಿಲ್ಲ, ರೋಗ ತಗುಲಿದರೆ ಒಂದಿಡೀ ಬೆಳೆ ಹೋಗುತ್ತದೆ.)

ಇನ್ನು ಕಾಟದ ವಿಷಯ, ಅಂದರೆ ಜೋಡಣೆ. ಪೆಟ್ಟಿಗೆಯಲ್ಲಿ ಒಂದು ಪುಟ್ಟ ಸಿಡಿ ಇತ್ತು, ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಪೆಟ್ಟಿಗೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪ್ಲೇ ಸ್ಟೋರ್‌ನ ಹೊರಗಿನ ಯಾವುದೋ ಆ್ಯಪ್ ಇಳಿಯಲು ಅನುಮತಿ ಕೇಳಿತು, ನಾನು ಕೊಡಲಿಲ್ಲ. ಮಾರಾಟಗಾರರಿಗೆ ಬರೆದ ಪ್ರಶ್ನೆಗೆ ಬಂದ ಉತ್ತರ, ಸಿಡಿ ಹಾಕಿ ಎಂದು. ಕೊನೆಗೆ ತಿಳಿದದ್ದೇನೆಂದರೆ, ವಿಂಡೋಸ್ ಇದನ್ನು ಸಾಮಾನ್ಯ ವೆಬ್‌ಕ್ಯಾಮ್ ಎಂದೇ ಗುರುತಿಸುತ್ತದೆ. ಅದರಲ್ಲೇ ಇರುವ ಕ್ಯಾಮೆರಾ ಆ್ಯಪ್ ತೆರೆದು, ಕ್ಯಾಮೆರಾ ಬದಲಿಸುವ ಗುರುತು ಒತ್ತಿದರೆ ಸಾಕು.

ಫೋನಿನಲ್ಲಿ ಅಷ್ಟು ಸುಲಭವಲ್ಲ. ನನ್ನ ಫೋನಿನಲ್ಲಿ ಒಟಿಜಿ ಎಂಬ, ಹೊರಗಿನ ಯುಎಸ್‌ಬಿ ಸಾಧನವನ್ನು ಫೋನಿಗೆ ಜೋಡಿಸಲು ಬಿಡುವ ಸೆಟ್ಟಿಂಗ್ ಅನ್ನು ಕೈಯಾರೆ ಆನ್ ಮಾಡಬೇಕು, ಮತ್ತು ಕೇಬಲ್ ಬಿಚ್ಚಿಟ್ಟು ಮಕ್ಕಳ ಜೊತೆ ಮಾತಿಗೆ ಕುಳಿತರೆ ಹತ್ತು ನಿಮಿಷದಲ್ಲಿ ಅದು ತಾನಾಗಿಯೇ ಆಫ್ ಆಗಿರುತ್ತದೆ. ಮತ್ತೆ ಜೋಡಿಸಿದಾಗ ಕಪ್ಪು ಪರದೆ, ಮತ್ತೆ ಸೆಟ್ಟಿಂಗ್, ಅಷ್ಟರಲ್ಲಿ ಹುಳು ಎಲೆಯ ಆಚೆ ಬದಿ ಸೇರಿರುತ್ತದೆ. ಜೊತೆಗೆ ಬಂದ ಪ್ಲಾಸ್ಟಿಕ್ ಸ್ಟ್ಯಾಂಡ್ ಕೂಡ ದುರ್ಬಲ: ಯಾರಾದರೂ ಬೆಂಚಿಗೆ ಮೊಣಕೈ ಊರಿದರೆ ಸಾಕು, ಚಿತ್ರವೆಲ್ಲ ಅಲ್ಲಾಡುತ್ತದೆ. ಈಗ ಎಲ್ಲವನ್ನೂ ಸಿಮೆಂಟಿನ ನೆಲದ ಮೇಲಿಟ್ಟು ಸುತ್ತ ಕುಳಿತು ನೋಡುತ್ತೇವೆ.

ಪೆಟ್ಟಿಗೆಯ ಮೇಲಿನ ‘1600 ಪಟ್ಟು’ ಎಂಬ ಮಾತನ್ನು ನಂಬಬೇಡಿ. ಪ್ಲಾಸ್ಟಿಕ್ ಸ್ಕೇಲನ್ನು ಅದರ ಕೆಳಗಿಟ್ಟು, ಪರದೆಯ ಮೇಲೆ ಇನ್ನೊಂದು ಸ್ಕೇಲಿನಿಂದ ಮಕ್ಕಳೇ ಅಳೆದರು: ಒಂದು ಮಿಲಿಮೀಟರ್ ಜಾಗ 15 ಸೆಂಟಿಮೀಟರ್ ಆಗಿತ್ತು, ಅಂದರೆ 150 ಪಟ್ಟು. ಅದನ್ನೇ ಟಿವಿಗೆ ಹಾಕಿದರೆ ಸಂಖ್ಯೆ ದೊಡ್ಡದಾಗುತ್ತದೆ, ಆದರೆ ಹೊಸದೇನೂ ಕಾಣುವುದಿಲ್ಲ.

ನಾನು ಪಾಠ ಮಾಡುವುದೇ ಮಕ್ಕಳನ್ನು ವಾದಕ್ಕಿಳಿಸಿ. ತರಗತಿಗೆ ಸಿಗುವುದು ಒಂದೇ ಲ್ಯಾಪ್‌ಟಾಪ್, ಖರ್ಚು ನನ್ನ ಜೇಬಿನದು. ಆದ್ದರಿಂದ ನನಗೆ ಯುಎಸ್‌ಬಿಯೇ ಸರಿ. ನಿಮ್ಮಲ್ಲಿ ಲ್ಯಾಪ್‌ಟಾಪ್ ಇಲ್ಲದಿದ್ದರೆ, ಅಥವಾ ಐದಾರು ಮಕ್ಕಳಷ್ಟೇ ಇದ್ದರೆ, ಅದೇ ಹಣಕ್ಕೆ ಫೋಲ್ಡ್‌ಸ್ಕೋಪ್‌ಗಳನ್ನು ಕೊಳ್ಳಿ. ಯುಎಸ್‌ಬಿ ಕೊಳ್ಳುವುದಾದರೆ ಪಟ್ಟುಗಳ ಸಂಖ್ಯೆ ನೋಡದೆ ಲೋಹದ ಸ್ಟ್ಯಾಂಡ್ ಇರುವುದನ್ನು ಆರಿಸಿ, ಮತ್ತು ಫೋನಿಗೆ ಜೋಡಿಸಲು ಬೇಕಾದ ಟೈಪ್-ಸಿ ಅಡಾಪ್ಟರ್ ಪೆಟ್ಟಿಗೆಯಲ್ಲೇ ಇದೆಯೇ ಎಂದು ಆರ್ಡರ್ ಮಾಡುವ ಮೊದಲೇ ನೋಡಿಕೊಳ್ಳಿ.